ರಿಪೇರಿ ಅಕ್ಕನ ಬಲಗೈ

ಇವತ್ತು ಬೆಳಿಗ್ಗೆ ನೋಡಿದರೆ ನನ್ನ ಫೋನಿನ ಬೆನ್ನು ಉಬ್ಬಿಕೊಂಡಿತ್ತು. ಸ್ಕ್ರೀನು ಒಂದು ಕಡೆ ಬಾಯಿ ಬಿಟ್ಟು, ಆ ಸಂದಿಯಿಂದ ಸಿಹಿ ಸಿಹಿಯಾದ, ಮೂಗಿಗೆ ಕುಟುಕುವಂಥ ವಾಸನೆ. ಮೊಮ್ಮಗಳು ಉಗುರಿನ ಬಣ್ಣ ಅಳಿಸುತ್ತಾಳಲ್ಲ, ಆ ರಿಮೂವರ್ ತರಹದ್ದು. ಕಾಫಿ ಲೋಟ ಅಲ್ಲೇ ಬಿಟ್ಟು, ಫೋನನ್ನು ಆಫ್ ಮಾಡಿ ಅಂಗಳದ ಸಿಮೆಂಟಿನ ಮೇಲೆ ಇಟ್ಟು ಬಂದೆ. ಉಬ್ಬಿದ ಬ್ಯಾಟರಿಯನ್ನು ಒತ್ತಬಾರದು, ಚುಚ್ಚಬಾರದು, ಚಾರ್ಜಿಗಂತೂ ಹಾಕಲೇಬಾರದು… ಇದೆಲ್ಲ ನನಗೆ ಹೇಳಿಕೊಟ್ಟವಳು ರಾಬರ್ಟ್‌ಸನ್‌ಪೇಟೆಯ ರಿಪೇರಿ ಅಕ್ಕ. ಈ ವಾಸನೆ ಮೊದಲ ಸಲ ನನ್ನ ಮೂಗಿಗೆ ಬಡಿದದ್ದೂ ಅವಳ ಅಂಗಡಿಯಲ್ಲೇ. ಅವತ್ತು ಇದರ ಜೊತೆ ರಕ್ತದ ವಾಸನೆಯೂ ಇತ್ತು.

ಅಕ್ಕ ಅಂದರೆ ನನ್ನ ಮಗಳ ವಯಸ್ಸಿನವಳು. ಊರೆಲ್ಲ ಹಾಗೆ ಕರೆಯುತ್ತಿತ್ತು, ನಾನೂ ಕರೆದೆ. ಬಂಗಾರಪೇಟೆ ಹತ್ತಿರದ ಹಳ್ಳಿಯಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದಳು. ಬಳೆ ಅಂಗಡಿಯ ಪಕ್ಕದಲ್ಲಿ, ಒಂದು ಬೀರುವಿನಷ್ಟೇ ಅಗಲದ ಶಟರ್ ಅಂಗಡಿ. ಆ ಬೀದಿಯಲ್ಲಿ ಗಂಡಸರು ನಡೆಸುವ ಮೊಬೈಲ್ ಅಂಗಡಿಗಳು ಸಾಲಾಗಿದ್ದವು. ಆದರೂ ಹೆಂಗಸರು ಇವಳನ್ನೇ ಹುಡುಕಿಕೊಂಡು ಬರೋರು. ಫೋನು ಬಿಟ್ಟುಹೋದರೆ ಒಳಗಿನ ಫೋಟೋಗಳನ್ನು ಯಾರು ನೋಡುತ್ತಾರೋ ಎಂಬ ಭಯ. ಅಕ್ಕ ಲಾಕ್ ನಂಬರ್ ಕೇಳುತ್ತಲೇ ಇರಲಿಲ್ಲ. "ನೀವೇ ಒತ್ಕೊಳಿ, ನಾನು ಆ ಕಡೆ ತಿರುಗ್ತೀನಿ" ಅನ್ನುವಳು. ಯಾರ ಫೋನೇ ಆಗಲಿ, ಅವರ ಕಣ್ಣೆದುರಿಗೇ ಬಿಚ್ಚಿ, ಅವರ ಕೈಗೇ ವಾಪಸ್ ಕೊಡುವಳು. ಗಂಡ ಬಂದರೂ ಇಲ್ಲ, ಅತ್ತೆ ಬಂದರೂ ಇಲ್ಲ. ಇಟ್ ವಾಸ್ ಹರ್ ರೂಲ್.

ಒಡೆದ ಗಾಜು ನೋಡುತ್ತಲೇ ಅವಳಿಗೆ ಮನೆಯ ಕಥೆ ತಿಳಿದುಬಿಡುತ್ತಿತ್ತು. ಕೈಜಾರಿ ಬಿದ್ದ ಫೋನಿಗೆ ಬಿರುಕು ಮೂಲೆಯಿಂದ ಹೊರಡುತ್ತದಂತೆ. ಯಾರಾದರೂ ಬೀಸಿ ಹೊಡೆದಿದ್ದರೆ ನಟ್ಟನಡುವೆ ಜೇಡರ ಬಲೆ. "ಬಿದ್ದೋಯ್ತಕ್ಕಾ" ಎಂದು ತಲೆ ತಗ್ಗಿಸಿದವಳಿಗೆ ಅಕ್ಕ ನಗುತ್ತಾ ಕೇಳೋಳು, "ಪೋನು ಓಗಿ ಗೋಡೆ ಮೇಲೆ ಬಿತ್ತಾ, ಗೋಡೆ ಬಂದು ಪೋನ್ ಮೇಲೆ ಬಿತ್ತಾ?" ಬಂದವಳು ನಗುವಳು. ಆಮೇಲೆ ಅಳುವಳು.

ಕೋಲಾರ ಚಿನ್ನದ ಗಣಿಯ ಚಾಂಪಿಯನ್ ರೀಫ್ಸ್‌ನಲ್ಲಿ ಹುಟ್ಟಿದವಳು ನಾನು. ಗಣಿಯಿಂದ ಮೇಲೆ ಬರುವ ಸ್ಟ್ರೆಚರುಗಳನ್ನು ನೋಡುತ್ತಾ ಬೆಳೆದವಳು. ಮನುಷ್ಯನ ಮೈ ಎಷ್ಟು ಸುಲಭವಾಗಿ ಮುರಿಯುತ್ತದೆ ಎಂದು ನನಗೆ ಗೊತ್ತಿತ್ತು. ಆದರೆ ಅಲ್ಲಿ ಮೈ ಮುರಿಯುತ್ತಿದ್ದದ್ದು ಬಂಡೆ, ಮನುಷ್ಯನಲ್ಲ…

ಆ ದಿನ ನನ್ನ ಫೋನಿಗೆ ಚಾರ್ಜ್ ಏರುತ್ತಿರಲಿಲ್ಲ. ಪಿನ್ನಿನ ತೂತಿನಲ್ಲಿ ತುಂಬಿದ್ದ ಹತ್ತಿಯಂಥ ಧೂಳನ್ನು ಅಕ್ಕ ಸೂಜಿಯಿಂದ ಮೆಲ್ಲಗೆ ಕೀಳುತ್ತಿದ್ದಳು. ಆಗ ಬಂದಳು ಆ ಹುಡುಗಿ. ಕೂಲಿಗೆ ಹೋಗುವವಳು, ಅಕ್ಕನ ಪಕ್ಕದ ಹಳ್ಳಿಯವಳು. ಒಂದು ಕಣ್ಣು ಊದಿ ಮುಚ್ಚಿಹೋಗಿತ್ತು, ಕತ್ತಿನ ಮೇಲೆ ಬೆರಳಿನ ಗುರುತು. ಸೆರಗಿನೊಳಗಿಂದ ಫೋನು ತೆಗೆದಳು. ಗಂಡ ಅದನ್ನು ಗೋಡೆಗೆ ಬಡಿದು, ದನದ ಕಲಗಚ್ಚಿನ ಬಾನಿಯಲ್ಲಿ ಅದ್ದಿದ್ದ. ಅವನು ಮಲಗಿದ ಮೇಲೆ ಇವಳು ಅದನ್ನು ಎತ್ತಿ ಅಕ್ಕಿ ಡಬ್ಬದಲ್ಲಿ ಹೂತಿಟ್ಟಿದ್ದಳು.

"ಅಕ್ಕೀಲಿ ಅನ್ನ ಆಗ್ತೈತೆ, ಪೋನು ಆಗಲ್ಲ ಕಣಮ್ಮ. ಬರೀ ಹಿಟ್ಟು ತುಂಬ್ಕೊಂತದೆ ಅಷ್ಟೇ. ಚಾರ್ಜಿಗೆ ಆಕಿದ್ಯಾ?"

"ಇಲ್ಲಕ್ಕ. ಕರೆಂಟು ಒಡೀತೈತೇನೋ ಅಂತ ಬಯ ಆಯ್ತು."

"ಆ ಬಯಾನೇ ನಿನ್ನ ಉಳಿಸ್ತು ಬಿಡು."

ಫೋನಿನೊಳಗೆ ಗಂಡನ ದನಿ ಇತ್ತು. ಸೀಮೆಎಣ್ಣೆ ಸುರಿದು ಸುಡುತ್ತೇನೆ, ಮಗು ಸಮೇತ ಸುಡುತ್ತೇನೆ ಎಂದು ಅವನು ಕೂಗಿದ್ದನ್ನು ಹುಡುಗಿ ರೆಕಾರ್ಡ್ ಮಾಡಿಕೊಂಡಿದ್ದಳು. ಬಾಯಿಮಾತು ಸಾಲದು, ಏನಾದರೂ ಪ್ರೂಫ್ ತಾ ಎಂದು ಸ್ಟೇಷನ್ನಿನಲ್ಲಿ ಹೇಳಿ ಕಳಿಸಿದ್ದರಂತೆ. ಅದು ಸಿಗದಿದ್ದರೆ ಅವಳು ಮತ್ತೆ ಅದೇ ಮನೆಗೇ ಹೋಗಬೇಕು.

ಅಕ್ಕ ಫೋನು ಬಿಚ್ಚಿದಳು. ಒಳಗಿಂದ ಬೆರಳುದ್ದದ ಹಸಿರು ಬೋರ್ಡೊಂದನ್ನು ಬಿಡಿಸಿ, ಸ್ಪಿರಿಟ್ಟಿನಲ್ಲಿ ಅದ್ದಿ, ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿದಳು. "ಎಲ್ಲಾ ಇರೋದು ಇದ್ರಾಗೇ ಮೇಡಮ್ಮಾ. ಪೋಟೋ, ಮಾತು, ಎಲ್ಲಾನೂ. ಮಿಕ್ಕಿದ್ದು ಬರೀ ಬಟ್ಟೆ." ಬೋರ್ಡನ್ನು ದೀಪದ ಕೆಳಗೆ ಒಣಗಲು ಇಟ್ಟಳು. ಹುಡುಗಿಗೆ ಬೆಳಗಿನಿಂದ ಊಟವಿಲ್ಲ ಎಂದು ಗೊತ್ತಾಗಿ, ಬೈದು, ಬೀದಿ ತುದಿಯ ಹೋಟೆಲಿಗೆ ತಿನ್ನಲು ಕಳಿಸಿದಳು. ನಾನು ಸ್ಟೂಲಿನ ಮೇಲೆ ಕೂತೇ ಇದ್ದೆ.

ಅಷ್ಟರಲ್ಲಿ ಅವನು ಬಂದ. ಬಸ್ ಸ್ಟ್ಯಾಂಡಿನಲ್ಲಿ ಯಾರೋ ದಾರಿ ತೋರಿಸಿದ್ದರು.

"ನನ್ನ ಎಂಡ್ತಿ ಪೋನ್ ಎಲ್ಲಮ್ಮೇ?"

ಅಕ್ಕ ಬೆವರು ಒರೆಸಿಕೊಳ್ಳುವವಳ ಹಾಗೆ ಸೆರಗು ಎತ್ತಿದಳು. ಇಳಿಸುವಷ್ಟರಲ್ಲಿ ದೀಪದ ಕೆಳಗಿನ ಬೋರ್ಡು ಅವಳ ರವಿಕೆಯೊಳಗೆ ಹೋಗಿತ್ತು. ನಮ್ಮ ಕಡೆ ಹೆಂಗಸರು ಚಿಲ್ಲರೆ ಪರ್ಸು ಇಟ್ಟುಕೊಳ್ಳುವ ಜಾಗ. ಅವನು ನೋಡಲಿಲ್ಲ, ನಾನು ನೋಡಿದೆ. ಆಮೇಲೆ ಅವಳು ಗಾಜು, ಬ್ಯಾಟರಿ, ಹಿಂದಿನ ಮುಚ್ಚಳ, ಎಲ್ಲ ಸೇರಿಸಿ ಅವನ ಮುಂದೆ ತಳ್ಳಿದಳು. "ತಗೊಳಪ್ಪಾ."

ಅವಳು ಮೊದಲ ಸಲ ತನ್ನ ರೂಲ್ ಮುರಿದಳು ಅಂತ ಕ್ಷಣಕಾಲ ನನಗನ್ನಿಸಿತು. ಇಲ್ಲ, ಮುರಿದಿರಲಿಲ್ಲ.

ಶಟರ್ ಎಳೆಯುವ ಕೊಕ್ಕೆಯ ಕಬ್ಬಿಣದ ಕಂಬಿ ಬಾಗಿಲಿಗೆ ಒರಗಿತ್ತು. ಅವನು ಫೋನನ್ನು ಮೆಟ್ಟಿಲ ಕಲ್ಲಿನ ಮೇಲೆ ಹಾಕಿ ಆ ಕಂಬಿಯಿಂದ ಜಜ್ಜತೊಡಗಿದ. ಗಾಜು ಪುಡಿಯಾಯಿತು. ಅವನ ಬಾಯಲ್ಲಿ ಬಂದ ಮಾತುಗಳನ್ನು ನಾನು ಬರೆಯಲಾರೆ, ನಮ್ಮ ಕಾನ್ವೆಂಟಿನ ಸಿಸ್ಟರ್ಸ್ ಸ್ವರ್ಗದಲ್ಲಿ ಕಿವಿ ಮುಚ್ಚಿಕೊಂಡಾರು. ಇನ್ನೊಂದು ಏಟು ಬ್ಯಾಟರಿಗೆ ಬಿತ್ತು. ಹಾವು ಬುಸುಗುಟ್ಟಿದ ಹಾಗೆ ಸದ್ದು, ಬಿಳಿ ಹೊಗೆ, ಭಗ್ಗನೆ ಬೆಂಕಿ. ಅವನ ಪ್ಯಾಂಟಿನ ಕಾಲು ಹತ್ತಿಕೊಂಡಿತು. ಕುಣಿದಾಡಿ, ಅಂಗೈಯಿಂದ ಬಡಿದು ಆರಿಸಿಕೊಂಡ. ಅಕ್ಕನೇ ಏನೋ ಮಾಡಿಟ್ಟಿದ್ದಾಳೆ ಎಂದುಕೊಂಡನೋ ಏನೋ. ಒಳಗೆ ನುಗ್ಗಿ ಅವಳ ತಲೆಗೂದಲು ಹಿಡಿದು ಮುಖವನ್ನು ಮೇಜಿಗೆ ಗುದ್ದಿದ. ಒಂದು ಸಲವಲ್ಲ. ಮೂಗಿನಿಂದ ರಕ್ತ ಸುರಿದು ಸ್ಕ್ರೂಗಳ ತಟ್ಟೆಗೆ ಬಿತ್ತು. ಅವಳ ಎಡಗೈ ಎದೆಯನ್ನು ಒತ್ತಿ ಹಿಡಿದೇ ಇತ್ತು. ಬಲಗೈ ಮೇಜಿನ ಮೇಲೆ ಚಾಚಿತ್ತು. ಅವನು ಕಂಬಿ ಎತ್ತಿ ಅದರ ಮೇಲೆ ಇಳಿಸಿದ.

ಹಸಿ ಕಡ್ಲೆಕಾಯಿ ಒಡೆದಂಥ ಸದ್ದು…

"ಸ್ಟಾಪ್ ಇಟ್! ಐ ಸೇ ಸ್ಟಾಪ್ ಇಟ್!" ಎಂದು ಕೂಗುತ್ತಾ ಛತ್ರಿಯಿಂದ ಅವನ ಕಿವಿಗೆ, ಕತ್ತಿಗೆ ಹೊಡೆದೆ. ಛತ್ರಿ ಮುರಿದರೂ ಹೊಡೆದೆ. ಆಟೋದವರು ಓಡಿಬಂದು ಅವನನ್ನು ಬೀದಿಗೆ ಎಳೆದು ಹಾಕಿ, ಅವರ ಪಾಲಿನದನ್ನು ಕೊಟ್ಟರು. ನಾನು ಬೇಡ ಅನ್ನಲಿಲ್ಲ.

ಆಸ್ಪತ್ರೆಗೆ ಹೋಗುವ ಆಟೋದಲ್ಲಿ ಅಕ್ಕನ ಬೆರಳುಗಳು ನಾಲ್ಕು ದಿಕ್ಕಿಗೆ ತಿರುಗಿಕೊಂಡಿದ್ದವು. ಪ್ರಜ್ಞೆ ತಪ್ಪುತ್ತಾ ಬರುತ್ತಾ ಇತ್ತು. ನನ್ನ ಕಿವಿಯ ಹತ್ತಿರ ಬಂದು ಅಂದಳು, "ಮೇಡಮ್ಮಾ, ಒಳಗ್ ಕೈ ಆಕಿ ಅದನ್ನ ತೆಗೀರಿ. ಬೆವರು ಕುಡುದ್ರೆ ಓಗ್ಬಿಡ್ತೈತೆ."

ತೆಗೆದೆ. ನನ್ನ ಲೇಸಿನ ಕರ್ಚೀಫಿನಲ್ಲಿ ಸುತ್ತಿಟ್ಟೆ. ಬಂಗಾರಪೇಟೆಯ ಇನ್ನೊಂದು ಅಂಗಡಿಯಲ್ಲಿ, ಆ ಹುಡುಗಿಯ ಎದುರಿಗೇ, ಅದಕ್ಕೆ ಬೇರೆ ಬ್ಯಾಟರಿ, ಬೇರೆ ಸ್ಕ್ರೀನು ಜೋಡಿಸಿದರು. ಬೆಳಕು ಬಂತು, ಅವನ ದನಿಯೂ ಬಂತು. ಸ್ಟೇಷನ್ನಿನಲ್ಲಿ ಎಲ್ಲರೂ ಕೇಳಿಸಿಕೊಂಡರು. ಅವನು ಜೈಲಿಗೆ ಹೋದ. ಹುಡುಗಿ ಮಗುವಿನ ಜೊತೆ ತವರಿಗೆ ಹೋದಳು, ಬದುಕಿದಳು.

ಅಕ್ಕನ ಕೈಗೆ ಪ್ಲೇಟು ಹಾಕಿದರು. ಮೂಳೆ ಕೂಡಿತು, ಬೆರಳು ಮಡಚಲಿಲ್ಲ. ಕೂದಲೆಳೆಯಂಥ ತಂತಿ ಹಿಡಿಯುತ್ತಿದ್ದ ಕೈಯಲ್ಲಿ ಊಟದ ತುತ್ತೂ ನಿಲ್ಲುತ್ತಿರಲಿಲ್ಲ. ಆದರೂ ಸೋಲಲಿಲ್ಲ. ಅದೇ ಹುಡುಗಿಯನ್ನು ಕರೆಸಿ ಪಕ್ಕದಲ್ಲಿ ಕೂರಿಸಿಕೊಂಡು ಕೆಲಸ ಕಲಿಸತೊಡಗಿದಳು. ಅಕ್ಕ ಹೇಳುವುದು, ಅವಳು ಮಾಡುವುದು. ನನಗೆ ಎಷ್ಟು ಸಂತೋಷವಾಗಿತ್ತು! ಹೌ ಫಿಟ್ಟಿಂಗ್ ಎಂದುಕೊಂಡಿದ್ದೆ. ಆದರೆ ಬೀದಿಯಲ್ಲಿ ಯಾವನೋ ಗಂಡಸು ಸ್ವಲ್ಪ ಗಟ್ಟಿಯಾಗಿ ಮಾತಾಡಿದರೂ ಸಾಕು, ಹುಡುಗಿಯ ಕೈಯಿಂದ ಸ್ಕ್ರೂ ಉದುರುತ್ತಿತ್ತು. ಕೈ ನಡುಗುತ್ತಿತ್ತು, ಗಂಟೆಗಟ್ಟಲೆ ನಿಲ್ಲುತ್ತಿರಲಿಲ್ಲ. ಕಡೆಗೆ ಅವಳೇ ಬರುವುದು ಬಿಟ್ಟಳು.

ಅಂಗಡಿ ಖಾಲಿ ಮಾಡುವ ದಿನ ಅಕ್ಕ ನಕ್ಕಳು. "ನನ್ ಕೈ ಮಡಚಲ್ಲ, ಅವಳ್ ಕೈ ನಿಲ್ಲಲ್ಲ. ಇಬ್ರೂ ಸೇರಿ ಒಂದ್ ಕೈ ಆಗ್ತೀವೇನೋ ಅಂತ ನೋಡ್ದೆ ಮೇಡಮ್ಮಾ. ಆಗ್ಲಿಲ್ಲ."

ಬಳೆ ಅಂಗಡಿಯವರು ಗೋಡೆ ಒಡೆದು ಆ ಜಾಗವನ್ನೂ ಸೇರಿಸಿಕೊಂಡರು. ಹೋದ ವರ್ಷ ಅಕ್ಕ ಕಾಮಾಲೆಯಿಂದ ತೀರಿಕೊಂಡಳು. ಸುದ್ದಿ ಕೊಡಲು ಫೋನ್ ಮಾಡಿದವಳು ಆ ಹುಡುಗಿಯೇ. ಅವಳ ಹಿಂದೆ ಮಗು ಜೋರಾಗಿ ನಗುತ್ತಿತ್ತು, "ಸುಮ್ನಿರು, ಅಕ್ಕ ಓಗ್ಬಿಟ್ರು" ಎಂದು ಗದರಿದಳು. ಮಗುವಿಗೆ ಏನು ತಿಳಿಯಬೇಕು, ಅದು ನಗುತ್ತಲೇ ಇತ್ತು. ನಾನು ಫೋನು ಇಡದೆ, ಆ ನಗುವನ್ನೇ ಕೇಳುತ್ತಾ ಕೂತಿದ್ದೆ.