ಬಲಗಡೆ ಸವೆದ ಸೌಟು

ಗುಜರಿ ಅಂಗಡಿ ಕಣ್ಣಿಗೆ ಬಿದ್ದರೆ ನನಗೆ ಬಸ್ಸಿನಲ್ಲಿ ಕೂತಿರಲು ಆಗುವುದಿಲ್ಲ. ಮುಂದಿನ ಸ್ಟಾಪಿನಲ್ಲಿ ಇಳಿದು, ಬಿಸಿಲಲ್ಲಿ ಹಿಂದಕ್ಕೆ ನಡೆದು ಬರುತ್ತೇನೆ. ಚಿಂತಾಮಣಿಯ ಹೈಸ್ಕೂಲೊಂದರಲ್ಲಿ ಗಣಿತ ಹೇಳಿಕೊಡುವ, ನಿವೃತ್ತಿಗೆ ಎರಡು ವರ್ಷ ಉಳಿದಿರುವ ಹೆಂಗಸು ತುಕ್ಕು ಹಿಡಿದ ಸೈಕಲ್ಲುಗಳ ನಡುವೆ ಕುಕ್ಕರಗಾಲಲ್ಲಿ ಕೂತು ಜಜ್ಜಿಹೋದ ಪಾತ್ರೆಗಳನ್ನು ತಡಕಾಡುವುದು ನೋಡಲು ಅಷ್ಟು ಚೆನ್ನಾಗಿರುವುದಿಲ್ಲ ಎಂದು ನನಗೂ ಗೊತ್ತು. ಹಳೆಯ ವಿದ್ಯಾರ್ಥಿಗಳು ಎದುರಾದರೆ ಅವರೇ ಮುಖ ತಿರುಗಿಸಿಕೊಂಡು ನನ್ನ ಮಾನ ಉಳಿಸುತ್ತಾರೆ.

ಹೀಗೆ ಕೂಡಿದ್ದು ಕೊಂಚವಲ್ಲ. ಗೌರಿಬಿದನೂರಿನ ಸಂತೆಯಲ್ಲಿ ಸಿಕ್ಕ ಶಾವಿಗೆ ಒರಳು, ಚಿಕ್ಕಬಳ್ಳಾಪುರದಲ್ಲಿ ಹಳೇ ಮನೆ ಕೆಡವುತ್ತಿದ್ದವರನ್ನು ಕಾಡಿ ತಂದ ತಾಮ್ರದ ಹಂಡೆ, ಉಪ್ಪು ತಿಂದು ತಿಂದು ಬೆಳ್ಳಗಾದ ಕಲ್ಲುಮರಿಗೆ. ಪಕ್ಕದ ಮನೆಗೆ ಹೊಸದಾಗಿ ಬಂದವರು ಒಂದು ದಿನ ಒಳಗೆ ಬಂದು ನಾಲ್ಕೂ ಗೋಡೆ ನೋಡಿ, ಮದುವೆಗೆ ಪಾತ್ರೆ ಬಾಡಿಗೆಗೆ ಕೊಡುತ್ತೀರಾ ಎಂದು ವಿಚಾರಿಸಿದರು. ಆವತ್ತು ನಮ್ಮ ಯಜಮಾನರು ಮೆಲ್ಲಗೆ, "ದೊಡ್ಡದು ಸಾಕು ಕಣೇ. ಇನ್ಮೇಲೆ ಕೈಯಲ್ಲಿ ಹಿಡಿಯೋವಂಥದ್ದು ಮಾತ್ರ ತಗೊಂಬಾ" ಎಂದರು. ನಾನು ಅಕ್ಷರಶಃ ಪಾಲಿಸಿದೆ. ಅಲ್ಲಿಂದ ಶುರುವಾಯಿತು ಸೌಟುಗಳ ಕಾಲ.

ಸೌಟಿನಲ್ಲಿ ಇಷ್ಟೊಂದು ಇದೆ ಎಂದು ನನಗೆ ಮೊದಲು ಗೊತ್ತಿರಲಿಲ್ಲ. ನಮ್ಮ ಕಡೆ ಒಂದೇ ಬೀದಿಯಲ್ಲಿ ಅದಕ್ಕೆ ಮೂರು ಹೆಸರು. ಕನ್ನಡದ ಮನೆಯಲ್ಲಿ ಸೌಟು, ತೆಲುಗಿನ ಮನೆಯಲ್ಲಿ ಗರಿಟೆ, ಸಾಬರ ಮನೆಯಲ್ಲಿ ಡೋಯಿ. ಮರದ ಸೌಟಿಗೆ ಹುಟ್ಟು ಎನ್ನುತ್ತಾರೆ. ದೋಣಿ ನಡೆಸುವ ಕೋಲಿಗೂ ಅದೇ ಹೆಸರು, ಮನುಷ್ಯ ಭೂಮಿಗೆ ಬರುವುದಕ್ಕೂ ಅದೇ ಹೆಸರು. ಇವೆಲ್ಲದರ ನಡುವೆ ಸಂಬಂಧ ಇದೆಯೋ ಇಲ್ಲವೋ ಬಲ್ಲವರು ಹೇಳಬೇಕು. ನನಗೆ ಗಣಿತ ಮಾತ್ರ ಗೊತ್ತು. ಆ ಗಣಿತದ ಕಣ್ಣಿಗೆ ಕಂಡದ್ದು ಇಷ್ಟು: ಹಳೆಯ ಸೌಟು ಯಾವುದೂ ಪೂರ್ತಿ ದುಂಡಗಿರುವುದಿಲ್ಲ. ಪಾತ್ರೆಯ ತಳ ಕೆರೆದೂ ಕೆರೆದೂ ಅದರ ಒಂದು ಅಂಚು ಸವೆದಿರುತ್ತದೆ. ಹಿಡಿಯನ್ನು ನಮ್ಮ ಕಡೆಗಿಟ್ಟು ನೋಡಿದರೆ ಸವೆದಿರುವುದು ಎಡ ಅಂಚು. ಬಲಗೈಯಲ್ಲಿ ತಿರುವಿದರೆ ಪಾತ್ರೆಗೆ ಉಜ್ಜುವುದು ಆ ಅಂಚೇ. ನನ್ನ ಬಳಿ ಇದ್ದ ಅಷ್ಟೂ ಸೌಟುಗಳು ಹಾಗೇ ಇದ್ದವು.

ಶಿಡ್ಲಘಟ್ಟದಲ್ಲಿ ಹಳೇ ಹಿತ್ತಾಳೆ, ಕಂಚು ತೆಗೆದುಕೊಂಡು ಸ್ಟೀಲು ಕೊಡುವ ಅಂಗಡಿಯೊಂದಿದೆ. ಅದರ ರಹಮತ್ ಸಾಬರು ಕರಗಿಸಲು ಕಳಿಸುವ ಮೊದಲು ನನಗಾಗಿ ಒಂದೆರಡು ಸಾಮಾನು ಎತ್ತಿಟ್ಟಿರುತ್ತಾರೆ. ಕಳೆದ ಅವರೆಕಾಯಿ ಕಾಲದಲ್ಲಿ ಹೋದಾಗ, "ಮೇಡಂ, ನಿಮ್ದು ಮಾಲ್ ಬಂದೈತೆ" ಎಂದು ಗೋಣಿಚೀಲದಿಂದ ಒಂದು ಕಂಚಿನ ಸೌಟು ತೆಗೆದರು. ಮೊಳದುದ್ದ ಹಿಡಿ, ಅಂಗೈಯಗಲದ ಬಟ್ಟಲು, ಎತ್ತಿದರೆ ಮಣಿಕಟ್ಟಿಗೆ ಗೊತ್ತಾಗುವಷ್ಟು ಭಾರ. ಹಿಡಿಯನ್ನು ನನ್ನ ಕಡೆಗಿಟ್ಟು ನೋಡಿದೆ. ಸವೆದಿದ್ದದ್ದು ಬಲ ಅಂಚು. ಅರ್ಧ ಬೆರಳಿನಷ್ಟು ಹೋಗಿತ್ತು.

"ಇದು ಯಾರ ಮನೇದು?" ಎಂದೆ.

"ಮೇಲೂರಿನ ನಾರಾಯಣಮ್ಮ ಅಂತ. ಅವರಮ್ಮ ಹೋಗ್ಬಿಟ್ರಂತೆ. ಅಡಿಗೆಮನೆ ಸಾಮಾನೆಲ್ಲಾ ಆಟೋದಲ್ಲಿ ತಂದು ಸುರಿದು, ತೂಕಾನೂ ನೋಡ್ದೆ ಹೊರಟೋದ್ರು. ಸ್ಟೀಲೂ ತಗೊಳ್ಲಿಲ್ಲ. ನನ್ನ ಸರ್ವೀಸಲ್ಲಿ ಅಂಥೋರನ್ನ ನೋಡಿಲ್ಲ ಮೇಡಂ."

ಇಡೀ ಬದುಕು ಎಡಗೈಯಲ್ಲಿ ಅಡಿಗೆ ಮಾಡಿದ ಒಬ್ಬ ಹೆಂಗಸು. ಎಡಗೈಯಲ್ಲಿ ಒಂದು ಲೋಟ ನೀರು ಕೊಟ್ಟರೂ ಮುಖ ಸಿಂಡರಿಸುವ ನಮ್ಮ ಸೀಮೆಯಲ್ಲಿ! ಆಕೆ ಎಂಥ ಗಟ್ಟಿಗಿತ್ತಿ ಇರಬೇಕು ಎಂದು ನನಗೆ ಕುತೂಹಲ ಹತ್ತಿತು. ನಿಜ ಹೇಳಬೇಕೆಂದರೆ ಕುತೂಹಲಕ್ಕಿಂತ ಸಂಗ್ರಹಕಾರರ ಚಪಲ. ಸೌಟಿನ ಜೊತೆ ಒಂದು ಕಥೆಯೂ ಸಿಕ್ಕಿದರೆ ಬಂದವರಿಗೆ ತೋರಿಸುವಾಗ ಕಳೆ. ಮುಂದಿನ ಭಾನುವಾರ ಸೌಟನ್ನು ಚೀಲಕ್ಕೆ ಹಾಕಿಕೊಂಡು ಮೇಲೂರಿಗೆ ಹೋದೆ.

ನಾರಾಯಣಮ್ಮನವರಿಗೆ ಅರವತ್ತರ ಆಸುಪಾಸು. ಹುಟ್ಟಿದ್ದೂ ಅದೇ ಊರು, ಕೊಟ್ಟಿದ್ದೂ ಅದೇ ಊರು. ಜಗಲಿಯ ಮೇಲೆ ಕೂತು, ರೇಷ್ಮೆಹುಳು ಗೂಡು ಕಟ್ಟಿದ ಬಿದಿರಿನ ಚಂದ್ರಂಕಿಯಿಂದ ಗೂಡು ಬಿಡಿಸುತ್ತಿದ್ದರು. ಅವರ ಎಡಗೈ ಹಕ್ಕಿ ಕಾಳು ಹೆಕ್ಕಿದ ಹಾಗೆ ಆಡುತ್ತಿತ್ತು. ಟೀಚರು ಎಂದು ತಿಳಿದು ಎದ್ದು ಒಳಗೆ ಹೋಗಿ ನೀರು ತಂದರು. ಚೊಂಬು ಕೊಟ್ಟದ್ದು ಬಲಗೈಯಲ್ಲಿ.

ನಾನು ಸೌಟನ್ನು ಹೊರಗೆ ತೆಗೆದೆ. ಅವರ ಮುಖ ಬಿಗಿಯಿತು.

"ಇದನ್ಯಾಕೆ ವಾಪಸ್ ತಂದ್ರಿ? ನನಗೆ ಬೇಡ ಅಂತಾನೇ ಹಾಕಿ ಬಂದಿದ್ದು."

"ವಾಪಸ್ ಕೊಡೋಕೆ ಬಂದಿಲ್ಲಮ್ಮ. ನಿಮ್ಮ ತಾಯಿ ಎಡಗೈಯಲ್ಲಿ ಅಡಿಗೆ ಮಾಡ್ತಿದ್ರಲ್ಲ, ಅವರ ವಿಷಯ ಕೇಳಣ ಅಂತ ಬಂದೆ."

ಅವರು ನನ್ನನ್ನು ಬೇರೆ ಯಾವುದೋ ಊರಿನ ದಾರಿ ಕೇಳಿದವಳ ಹಾಗೆ ನೋಡಿದರು. "ನಮ್ಮಮ್ಮನಾ? ಅವಳು ಎಡಗೈಯೋಳಲ್ಲ ಮೇಡಂ. ಎಡಗೈಯೋಳು ನಾನು." ಹಾಗೆಂದು ಎಡಗೈ ತಿರುಗಿಸಿ ಮುಂದೆ ಹಿಡಿದರು. ಮಣಿಕಟ್ಟಿನ ಮೇಲೆ ಹಳೆಯ ಬರೆ, ಎಲೆಯಷ್ಟು ನುಣುಪಾಗಿ ಹೊಳೆಯುತ್ತಿತ್ತು. "ಏಳು ವರ್ಷದೋಳಿದ್ದೆ. ಎಷ್ಟು ಹೇಳಿದ್ರೂ ಎಡಗೈಲೇ ತಿನ್ತೀನಿ ಅಂತ, ಇದೇ ಸೌಟಿನ ಹಿಡಿ ಒಲೇಲಿ ಕಾಯಿಸಿ ಹಾಕಿದ್ಲು. ಆಮೇಲೆ ಊಟ ಬಲಗೈಲೇ, ಬರೆಯೋದು ಬಲಗೈಲೇ. ಕೆಲಸಕ್ಕೆ ಮಾತ್ರ ಈ ಕೈ. ಸಾಯೋ ತನಕ ನೋಡ್ಕೊಂಡೆ, ಹಾಸಿಗೆ ಹಿಡಿದಾಗ ಬಾಯಿಗೆ ತುತ್ತು ಇಟ್ಟೆ. ಆದ್ರೆ ಮನಸ್ಸಿಂದ ಮಾತಾಡ್ಲಿಲ್ಲ."

ಅಲ್ಲಿಗೆ ನಾನು ಎದ್ದು ಬರಬೇಕಿತ್ತು. ಆದರೆ ಮೇಷ್ಟರ ಚಟ; ಲೆಕ್ಕ ತಾಳೆಯಾಗದಿದ್ದರೆ ಬಿಡಲಾಗುವುದಿಲ್ಲ. ಸೌಟಿನ ಅಂಚು ತೋರಿಸಿ, ಬಲಗೈಯಲ್ಲಿ ತಿರುವಿದರೆ ಹೀಗೆ ಸವೆಯುವುದಿಲ್ಲ ಎಂದೆ. ಆ ಮನೆಯಲ್ಲಿ ಬೇರೆ ಯಾರಾದರೂ ಅಡಿಗೆ ಮಾಡುತ್ತಿದ್ದರೇ ಎಂದು ಕೇಳಿದೆ.

ನಾರಾಯಣಮ್ಮ ಸೌಟನ್ನು ಬಲಗೈಗೆ ತೆಗೆದುಕೊಂಡು, ಮುಂದೆ ಇದ್ದ ಖಾಲಿ ಬಕೆಟ್ಟಿನೊಳಗೆ ಒಮ್ಮೆ ತಿರುವಿದರು. ಅಂಚು ಕೂರಲಿಲ್ಲ. ಆಮೇಲೆ ಎಡಗೈಗೆ ಬದಲಾಯಿಸಿದರು. ಅದು ತಳಕ್ಕೆ ಅಂಟಿದ ಹಾಗೆ ಸುತ್ತಿತು. ಎರಡು ಸುತ್ತು, ಮೂರು ಸುತ್ತು. ಆಮೇಲೆ ನಿಲ್ಲಿಸಿದರು.

"ಬೇರೆ ಯಾರೂ ಮಾಡ್ತಿರ್ಲಿಲ್ಲ. ಯಾರನ್ನೂ ಒಳಗೇ ಬಿಡ್ತಿರ್ಲಿಲ್ಲ. ಒಲೆ ಮುಂದೆ ಕೂತ್ರೆ ಅಡಿಗೆಮನೆ ಬಾಗಿಲು ಹಾಕ್ಕೊಂತಿದ್ಲು. ದೃಷ್ಟಿ ಆಗುತ್ತೆ ಅಂತ ನಮಗೆಲ್ಲಾ ಹೇಳ್ತಿದ್ಲು."

ಆಮೇಲೆ ಅವರ ದನಿ ಏರಿತು. "ಹಂಗಾದ್ರೆ ನನಗ್ಯಾಕೆ ಬರೆ ಹಾಕಿದ್ಲು? ತಾನು ಬಾಗಿಲು ಹಾಕ್ಕೊಂಡು ಮಾಡೋದನ್ನ ನಾನು ಮಾಡಿದ್ದಕ್ಕೆ?"

ಒಂದು ಮಾತನ್ನು ಇಲ್ಲಿ ಒಪ್ಪಿಕೊಳ್ಳಬೇಕು. ಅವರ ಕಣ್ಣು ತುಂಬಿದ್ದನ್ನು ನೋಡಿದಾಗ ನನ್ನ ಮನಸ್ಸಿಗೆ ಮೊದಲು ಬಂದದ್ದು ಮರುಕವಲ್ಲ. ಈಗ ಈಕೆ ಸೌಟು ವಾಪಸ್ ಕೇಳಿಬಿಟ್ಟರೆ ಎಂಬ ಭಯ. ಇಂಥದ್ದು ಇನ್ನೊಂದು ನನಗೆ ಸಿಗುವುದಿಲ್ಲ ಎಂಬ ಲೆಕ್ಕಾಚಾರ. ಜನ ಬಿಟ್ಟುಹೋದ ಸಾಮಾನನ್ನು ಪ್ರೀತಿಸುವವಳು ಎಂದು ನನ್ನ ಬಗ್ಗೆ ನನಗೇ ಒಂದು ಹೆಮ್ಮೆಯಿತ್ತು. ಆ ಜಗಲಿಯ ಮೇಲೆ ಅದರ ಬಣ್ಣ ಬಯಲಾಯಿತು. ಸಾಮಾನಿನ ಮೇಲೆ ಪ್ರೀತಿ ಇತ್ತು, ಜನರ ಮೇಲಿತ್ತೋ ಇಲ್ಲವೋ ಅನುಮಾನ.

ನಾರಾಯಣಮ್ಮ ಸೌಟು ಕೇಳಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು, "ಅಂಬಾಜಿದುರ್ಗದ ಹತ್ರ ನಮ್ಮ ಪಿನ್ನಮ್ಮ ಇದಾಳೆ, ಅಮ್ಮನ ತಂಗಿ. ಅವಳಿಗೆ ಗೊತ್ತಿರುತ್ತೆ. ನೀವು ಚಿಂತಾಮಣಿಯೋರಲ್ವಾ, ಜೊತೇಲಿ ಬರ್ತೀರಾ? ನಾನೊಬ್ಳೇ ಹೋದ್ರೆ ಜಗಳ ಆಡ್ಬಿಡ್ತೀನಿ" ಎಂದರು.

ಮುಂದಿನ ಭಾನುವಾರ ಹೋದೆವು. ಬೆಟ್ಟದ ಬುಡದ ಹಳ್ಳಿ. ಚಿಕ್ಕಮ್ಮನ ಮಗ, ಸೊಸೆ ತೋಟಕ್ಕೆ ಹೋಗಿದ್ದರು. ಎಂಬತ್ತಕ್ಕೆ ಹತ್ತಿರವಾದ ಆಕೆ ಒಬ್ಬರೇ ಅಂಗಳದಲ್ಲಿ ಅವರೆಕಾಯಿ ಬಿಡಿಸುತ್ತಿದ್ದರು. ನಾರಾಯಣಮ್ಮ ಕುಶಲವನ್ನೂ ಕೇಳದೆ, ಮೊರದ ಪಕ್ಕಕ್ಕೆ ಸೌಟು ಇಟ್ಟು, "ಪಿನ್ನಮ್ಮ, ಅಮ್ಮ ಎಡಗೈಯೋಳಾ?" ಎಂದರು.

ಮುದುಕಿಯ ಕೈ ನಿಂತಿತು. "ಅಯ್ಯೋ ತಲ್ಲೀ" ಎಂದರು ತೆಲುಗಿನಲ್ಲಿ. "ಯಾರು ಹೇಳಿದ್ರು ನಿಂಗೆ?"

"ಇದೇ ಹೇಳ್ತು."

ಆಕೆ ಅವರೆಕಾಯಿಯನ್ನು ಕೆಳಗಿಟ್ಟು ಹೇಳಿದರು. ಅಕ್ಕ ಹೊಸ ಸೊಸೆಯಾಗಿ ಮೇಲೂರಿಗೆ ಹೋದ ವರ್ಷದ ಯುಗಾದಿ. ಮನೆ ತುಂಬಾ ನೆಂಟರು, ಪಂಕ್ತಿ ಕೂತಿತ್ತು. ಬಲಗೈಯಲ್ಲಿ ಬಿಸಿ ಪಾತ್ರೆ ಹಿಡಿದಿದ್ದ ಹುಡುಗಿ ಗಾಬರಿಯಲ್ಲಿ ಎಡಗೈಯಿಂದ ಬಡಿಸಿಬಿಟ್ಟಳು. ಮಾವನ ಅಣ್ಣ ಎಲೆ ಬಿಟ್ಟು ಎದ್ದರು. ಅವರು ಎದ್ದದ್ದು ನೋಡಿ ಸಾಲು ಪೂರ್ತಿ ಎದ್ದಿತು. ಅವತ್ತೇ ತವರಿಗೆ ಕಳಿಸಿದರು. ಆರು ತಿಂಗಳು ಕರೆಸಿಕೊಳ್ಳಲಿಲ್ಲ.

"ನಮ್ಮಪ್ಪ ಹೋಗಿ ಅವರ ಕಾಲು ಹಿಡ್ಕೊಂಡ, ಆಮೇಲೆ ಸೇರಿಸ್ಕೊಂಡ್ರು. ಅವತ್ತಿಂದ ಅಕ್ಕ ಬಾಗಿಲು ಹಾಕ್ಕೊಂಡೇ ಅಡಿಗೆ. ಬಲಗೈಲಿ ತಿರುವಿದ್ರೆ ತಳ ಹಿಡಿತಿತ್ತು, ಏನ್ ಮಾಡ್ತಾಳೆ? ನೀನು ಹುಟ್ಟಿ, ನಿಂಗೂ ಇದೇ ಕೈ ಅಂತ ಗೊತ್ತಾದಾಗ ನಿನ್ನ ಎತ್ಕೊಂಡು ಇಲ್ಲೀಗಂಟ ನಡ್ಕೊಂಡೇ ಬಂದಿದ್ಲು. 'ಇದಕ್ಕೂ ನನ್ನ ಗತಿ ಬಂದ್ರೆ ಅಪ್ಪ ಇನ್ನೊಂದ್ಸಲ ಕಾಲು ಹಿಡಿಯೋಕೆ ಇರಲ್ಲ' ಅಂತ ಅತ್ತಳು."

ನಾರಾಯಣಮ್ಮ ಮೊರವನ್ನು ತಮ್ಮ ಕಡೆಗೆ ಎಳೆದುಕೊಂಡು ಅವರೆಕಾಯಿ ಬಿಡಿಸತೊಡಗಿದರು.

"ನಿನ್ನ ಮದುವೆ ಆಗಿ, ಗಂಡನ ಮನೇಲಿ ಮೊದಲ ಹಬ್ಬಕ್ಕೆ ನೀನು ಬಡಿಸಿದೆಯಲ್ಲ, ಅವತ್ತು ನನಗೆ ಹೇಳಿ ಕಳಿಸಿದ್ಲು. ಬೇರೆ ಏನೂ ಇಲ್ಲ. 'ಎಲ್ಲಾ ಕೂತು ಉಂಡ್ರು, ಯಾರೂ ಎಲೆ ಬಿಟ್ಟು ಏಳ್ಲಿಲ್ಲ.' ಅಷ್ಟೇ."

"ನಂಗೊಂದು ಮಾತು ಹೇಳ್ಬೋದಿತ್ತಲ್ಲ ಪಿನ್ನಮ್ಮ. ಬರೆ ಹಾಕೋ ಬದ್ಲು ಹೇಳ್ಬೋದಿತ್ತಲ್ಲ."

"ಏಳು ವರ್ಷದ ಕೂಸಿಗೆ ಏನಂತ ಹೇಳ್ತಾಳೆ?"

"ನಂಗೆ ನಲವತ್ತಾದಾಗ ಹೇಳ್ಬೋದಿತ್ತು. ಐವತ್ತಾದಾಗ ಹೇಳ್ಬೋದಿತ್ತು."

"ಹೌದು, ಹೇಳ್ಬೋದಿತ್ತು" ಎಂದು ಮುದುಕಿ ಒಪ್ಪಿಕೊಂಡರು. ನನಗೆ ಆ ಒಪ್ಪಿಗೆ ಬಹಳ ದೊಡ್ಡದಾಗಿ ಕಂಡಿತು. ಹೋದವರ ಪರವಾಗಿ ನಾವು ಸಾಮಾನ್ಯವಾಗಿ ವಕಾಲತ್ತು ವಹಿಸುತ್ತೇವೆ. ಅವರ ತಪ್ಪನ್ನು ತಪ್ಪೆಂದು ಒಪ್ಪಿಕೊಳ್ಳುವವರು ಕಡಿಮೆ.

ಊಟದ ಹೊತ್ತಾಯಿತು. ಬೆನ್ನು ನೋಯುತ್ತದೆ, ನೀನೇ ಬಡಿಸು ಎಂದು ಚಿಕ್ಕಮ್ಮ ನಾರಾಯಣಮ್ಮನವರಿಗೆ ಹೇಳಿದರು. ಮುದ್ದೆ ಮತ್ತು ಅವರೆಕಾಳಿನ ಸಾರು. ನಾರಾಯಣಮ್ಮ ಅಂಗಳಕ್ಕೆ ಬಂದು ಸೌಟನ್ನು ತೆಗೆದುಕೊಂಡು, ಹುಣಸೆಹಣ್ಣು ಹಾಕಿ ತಿಕ್ಕಿ ತೊಳೆದು ಒಳಗೆ ಒಯ್ದರು. ನಾವಿಬ್ಬರೂ ತಟ್ಟೆ ಮುಂದಿಟ್ಟುಕೊಂಡು ಕೂತೆವು. ಅವರು ಪಾತ್ರೆಯನ್ನು ಬಲಗೈಗೆ ತೆಗೆದುಕೊಂಡು, ಸೌಟನ್ನು ಎಡಗೈಯಲ್ಲಿ ಹಿಡಿದು, ಚಿಕ್ಕಮ್ಮನ ಮುಂದೆ ಬಂದು ನಿಂತರು. ಬಗ್ಗಲಿಲ್ಲ. ಕಾದರು.

ಚಿಕ್ಕಮ್ಮ ಆ ಕೈಯನ್ನು ನೋಡಿದರು. ಎಂಬತ್ತು ವರ್ಷದ ರೂಢಿ ಅವರ ಮುಖದ ಮೇಲೆ ಒಂದು ಗಳಿಗೆ ಅಲ್ಲಾಡಿದ್ದನ್ನು ನಾನು ಕಂಡೆ. ಆಮೇಲೆ ತಟ್ಟೆಯನ್ನು ಮುಂದಕ್ಕೆ ನೂಕಿದರು. ಮುದ್ದೆ ಮುರಿದು ಸಾರಲ್ಲಿ ಅದ್ದಿ ನುಂಗಿ, "ನಮ್ಮ ಸೊಸೆ ಉಪ್ಪು ಜಾಸ್ತಿ ಮಾಡ್ಬಿಟ್ಟವಳೆ" ಎಂದರು. "ಇನ್ನೊಂದು ಸೌಟು ಹಾಕಮ್ಮ."

ವಾಪಸ್ ಬರುವಾಗ ಚಿಂತಾಮಣಿಯ ಬಸ್ ಸ್ಟ್ಯಾಂಡಿನಲ್ಲಿ ನಾನೇ ಸೌಟನ್ನು ಅವರ ಕೈಗೆ ಕೊಟ್ಟೆ. ಕೊಡುವಾಗ ಕೈ ಕೊಂಚ ತಡೆಯಿತು, ಸುಳ್ಳು ಹೇಳುವುದಿಲ್ಲ. ಅವರು ತೆಗೆದುಕೊಳ್ಳಲಿಲ್ಲ. "ಬೇಡ ಮೇಡಂ. ಮನೇಲಿಟ್ರೆ ದಿನಾ ಕಣ್ಣಿಗೆ ಬೀಳುತ್ತೆ. ನಂಗಿನ್ನೂ ಸಿಟ್ಟು ಹೋಗಿಲ್ಲ. ನಿಮ್ಹತ್ರ ಇರ್ಲಿ, ನೋಡ್ಬೇಕು ಅನ್ಸಿದ್ರೆ ಬರ್ತೀನಿ."

ಹೇಳಿದಂತೆ ಬಂದರು. ಮೊದಲ ಸಲ ಕಾಫಿ ಕುಡಿದು, ದೂರದಿಂದಲೇ ನೋಡಿ ಹೋದರು. ಎರಡನೆಯ ಸಲ ಗೋಡೆಯಿಂದ ಇಳಿಸಿ, ತೊಡೆಯ ಮೇಲಿಟ್ಟುಕೊಂಡು, ಗೂಡಿನ ರೇಟು, ಮೊಮ್ಮಗಳ ಪರೀಕ್ಷೆ ಅಂತೆಲ್ಲ ಮಾತಾಡುತ್ತಾ ಅದರ ಅಂಚನ್ನು ಬೆರಳಿನಿಂದ ಸವರುತ್ತಿದ್ದರು. ಮೊನ್ನೆ ಮೂರನೆಯ ಸಲ ಬಂದವರು, ನನ್ನನ್ನು ಕೇಳದೆಯೇ ಅದನ್ನು ತೆಗೆದು ತಮ್ಮ ಚೀಲಕ್ಕೆ ಹಾಕಿಕೊಂಡರು. ಸಿಟ್ಟು ಹೋಯಿತೇ ಎಂದು ಕೇಳಬೇಕೆನ್ನಿಸಿತು. ಆದರೆ ಅದು ನಾನು ಕೇಳುವ ಪ್ರಶ್ನೆಯಲ್ಲ ಎಂದು ಸುಮ್ಮನಾದೆ.

ಅವರಿಗೇ ಅರ್ಥವಾಯಿತೇನೋ. ಚಪ್ಪಲಿ ಮೆಟ್ಟಿಕೊಳ್ಳುತ್ತಾ, "ಸಿಟ್ಟು ಇದ್ದೇ ಇದೆ ಮೇಡಂ" ಎಂದರು. "ಆದ್ರೆ ಈ ಕೈಗೆ ಅಂಗಡಿ ಸೌಟು ಯಾವ್ದೂ ಕೂರಲ್ಲ."