ಕೇಸರಿಬಾಯಿ ಬಿಟ್ಟುಕೊಟ್ಟ ಚಾವಿ

ಗಂಡನ ಹೆಸರು ಹೇಳಬಾರದಂತ. ನಾ ಹೇಳತೇನಿ: ಉಳವಪ್ಪ. ಲಗ್ನದಾಗ ಒಡಪು ಹಾಕಿ ಹೇಳಿಸಿದ್ರಲ್ಲಾ, ನಾಚಿಕಿ ಅವತ್ತ ಮುಗೀತು. ಹರೇದಾಗಿಂದ ದಾಂಡೇಲಿಯೊಳಗ ಬಿದಿರಿನ ಲಾರಿ ಹೊಡದ ಮನುಷ್ಯಾ. ಮಾತು ಕಡಿಮಿ, ಊಟಾ ಜಾಸ್ತಿ, ಸಿಟ್ಟು ಅಂಬೋದು ಇಲ್ಲೇ ಇಲ್ಲ. ಅವನ ಪಾಲಿಂದೂ ಸೇರಿಸಿ ದೇವ್ರು ನನಗ ಕೊಟ್ಟಾನ.

ಅನಶಿ ಘಾಟದಾಗ ಒಮ್ಮೆ ಬ್ರೇಕ್ ಫೇಲಾಗಿ ಲಾರಿ ಗುಡ್ಡಕ್ಕ ಒರಗಿ ನಿಂತಿತು. ಆಮ್ಯಾಲ ನನಗ ನಿದ್ದೀನ ಇಲ್ಲ. ಬಾಗಿಲಾ ಸಪ್ಪಳಾದ್ರ ಸಾಕು, ಯಾರೋ ಕೆಟ್ಟ ಸುದ್ದಿ ತಂದಾರಂತ ಎದ್ದು ಓಡತಿದ್ದೆ. ಬೈದು, ಜಗಳಾ ತಗದು ಲಾರಿ ಬಿಡಿಸಿದೆ. ಇದ್ದದ್ದೆಲ್ಲಾ ಹಾಕಿ ಒಂದ ಹಳೇ ಕಾರ್ ತಗೊಂಡ್ವಿ. ಜೋಯಿಡಾ ಕಡೆ ಸಾಲಿಗೆ ಹೋಗೂ ಮಾಸ್ತರ್ರನ್ನ ಮುಂಜಾನೆ ಬಿಡೂದು, ಸಂಜಿಗೆ ಕರಕೊಂಡ ಬರೂದು. ಆಗ ನಾ ನಿದ್ದಿ ಮಾಡಿದೆ.

ಎರಡ ಸಾವಿರದ ಏಳರ ಮಳಿಗಾಲ ಮುಗೀಲಾಕ ಬಂದಾಗ ಕಾರು ಹಳ್ಳದ ನೀರಿಗೆ ಸಿಕ್ಕು ಬಂದ್ ಬಿತ್ತು. ಅಂಬೇವಾಡಿಯೊಳಗ ನಮ್ಮ ಮೇಸ್ತ್ರಿ ಅಂದ್ರ ಅಮೀರಸಾಬ. ಡ್ಯಾಶಬೋರ್ಡ್ ಕೆಳಗಿಂದ ಊಟದ ಡಬ್ಬಿಯಷ್ಟು ದೊಡ್ಡದೊಂದು ಪೆಟ್ಟಿಗಿ ಹೊರಗ ತಗದ. ಅದರಾಗಿಂದ ನೀರು ಸುರೀತು.

"ಇದು ಇಂಜಿನ್ ಕಂಪ್ಯೂಟರ್, ದುರ್ಗವ್ವಕ್ಕಾ. ಇಂಜಿನ್ನಿಗೆ ಎಷ್ಟ ಪೆಟ್ರೋಲ್ ಬೇಕಂತ ಹೇಳೂದು ಇದ. ಸತ್ತೈತಿ. ಹೊಸಾದು ನಿಮಗ ಎಟಕೂದಿಲ್ಲ. ಹುಬ್ಬಳ್ಳಿ ಗುಜರಿಯೊಳಗ ಹಳೇದು ಸಿಗತೈತಿ," ಅಂದ.

"ಸತ್ತ ಗಾಡೀ ತಲಿ ತಂದು ನಮ್ಮ ಗಾಡಿಗೆ ಹಚ್ಚತೀಯೇನಣ್ಣಾ?"

"ನಿಮ್ಮ ಗಣಪತಿಗೆ ಹಚ್ಚಿಲ್ಲೇನ್ರಿ?" ಅಂತ ನಕ್ಕ.

ಹಳೇದು ತಂದು ಕೂಡಿಸಿದ. ಚಾವಿ ತಿರುವಿದ್ರ ಇಂಜಿನ್ ಹಿಡದಂಗ ಮಾಡಿ ತಟ್ಟನ ಆರತಿತ್ತು. ಮತ್ತ ತಿರುವಿದ್ರ ಮತ್ತ ಹಂಗ. ಅಮೀರಸಾಬ ಕಾರ್ಬೊರೇಟರ್ ಕಾಲದಾಂವ. ತಲಿ ಕೆರಕೊಂಡು, ವೈರ್ ಎಲ್ಲಾ ಬಿಚ್ಚಿ ಕಟ್ಟಿ, ಕಡೀಕ ಹುಬ್ಬಳ್ಳಿಗೆ ಫೋನ್ ಹಚ್ಚಿದ. ಆಗ ತಿಳೀತು, ಆ ಕಂಪ್ಯೂಟರ್ ತನ್ನ ಮೊದಲಿನ ಚಾವಿ ಗುರ್ತ ಇಟಗೊಂಡಿರತೈತಂತ. ಚಾವಿ ಹಿಡಿಕಿಯೊಳಗ ಒಂದ ಸಣ್ಣ ಚಿಪ್ ಇರತೈತಿ. ಕಳ್ಳರ ಕಾಟಕ್ಕ ಹಂಗ ಮಾಡ್ಯಾರ. ಆ ಚಾವಿ ಹತ್ರ ಇಲ್ದ ಇಂಜಿನ್ ಓಡೂದಿಲ್ಲ. ಗುಜರಿಗೆ ಗಾಡಿ ಹಾಕಿದಾಂವ ಮುಂಡಗೋಡ ಕಡೆ ಅತ್ತಿವೇರಿ ರೂಪ್ಲಪ್ಪ. ಗಾಡಿ ಕೊಟ್ಟಾನ, ಚಾವಿ ಕೊಟ್ಟಿಲ್ಲ.

ಅವತ್ತ ಉಳವಪ್ಪ ಅರ್ಧಾ ಊಟಕ್ಕ ಎದ್ದ. "ಸೋಮವಾರದಿಂದ ಲಾರಿಗೆ ಬರ್ತೇನಂತ ಮಾಲಕರಿಗೆ ಹೇಳಿ ಬಂದೇನಿ," ಅಂದ.

"ನಾಳೆ ಅತ್ತಿವೇರಿಗೆ ಹೋಗೂಣು. ಮಾತು ನಾ ಆಡತೇನಿ, ನೀ ಸುಮ್ನ ಕುಂಡ್ರು," ಅಂದೆ. ಅದೊಂದು ಕೆಲಸಾ ಅಂವ ಭಾಳ ಚಲೋ ಮಾಡ್ತಾನ.

ರೂಪ್ಲಪ್ಪ ಅಂಗಳದಾಗ ಗೋವಿನಜೋಳಾ ಸುಲೀತಿದ್ದ. ಹೇಂತಿ ಕೇಸರಿಬಾಯಿ ಚಹಾ ತಂದಳು. ಬಂದ ಕೆಲಸಾ ಹೇಳಿದೆ.

"ಎತ್ತ ಮಾರಿದ್ರ ಹಗ್ಗಾ ಕೊಡತೀವೇನವ್ವಾ? ಹಗ್ಗದ ಜೋಡಿ ಮನೀ ಭಾಗ್ಯಾನೂ ಹೋಗತೈತಿ. ಕೊಳ್ಳಾವ ತನ್ನ ಹಗ್ಗಾ ತಾನ ತರಬೇಕು. ಚಾವಿನೂ ಹಂಗ," ಅಂದ ರೂಪ್ಲಪ್ಪ. ಬಾಗಲಾ ಪಕ್ಕ ಗೂಟಕ್ಕ ಆ ಚಾವಿ ನೇತಾಡ್ತಿತ್ತು, ಕುಂಕುಮ ಬ್ಯಾರೆ ಹಚ್ಚಿದ್ರು.

"ಎತ್ತಿಗೆ ಯಾವ ಹಗ್ಗಾ ಆದ್ರೂ ನಡೀತೈತಿ ಅಣ್ಣಾರ. ಈ ಹಾಳ ಡಬ್ಬಿಗೆ ನಿಮ್ಮ ಹಗ್ಗಾನ ಬೇಕಂತ!"

ಅಂವ ಜಗ್ಗಲಿಲ್ಲ. ಕಾರಣಾನೂ ಇತ್ತು. ಅವನ ಮಗಾ ಪರಶುರಾಮ ಆ ಗಾಡಿ ಬಾಡಿಗಿ ಹೊಡೀತಿದ್ದ. ಒಂದ ರಾತ್ರಿ ನಿದ್ದಿಗಣ್ಣಾಗ ಮರಕ್ಕ ಗುದ್ದಿದ. ಗಾಡಿ ಮುದ್ದಿ ಆತು, ಹುಡುಗನ ಮೈಮ್ಯಾಲ ಒಂದ ಗೀರಿಲ್ಲ.

"ಮಗನ ಜೀವಾ ಉಳಿಸಿದ ದೈವ ಆ ಚಾವಿಯೊಳಗ ಐತಿ. ಒಂದ ಕಾರಿನ ಸಲುವಾಗಿ ಕೊಡ್ಲೇನು?" ಅಂತ ಕೇಳಿದ.

ಹಡದಾಕಿ ಎದುರಿಗೇ ಕುಂತಾಳ. ಸಿಟ್ಟೆಲ್ಲಾ ಇಳದು ಅಳು ಬಂತು.

"ಕಾರಿನ ಸಲುವಾಗಿ ಅಲ್ರಿ, ಇಂವನ ಸಲುವಾಗಿ. ಇಂವ ಮತ್ತ ಲಾರಿ ಹತ್ತತಾನ. ನನಗ ಅಂಜಿಕಿ ಬರ್ತೈತಿ," ಅಂದೆ.

ಉಳವಪ್ಪ ನನ್ನ ಮಾರಿ ನೋಡಿದ. ಲಾರಿ ಬಿಡಿಸೂವಾಗ ಬಾಯಿಗೆ ಬಂದದ್ದೆಲ್ಲಾ ಅಂದಿದ್ದೆ, ಅಂಜಿಕಿ ಅಂತ ಮಾತ್ರ ಅಂದಿರಲಿಲ್ಲ.

ಕೇಸರಿಬಾಯಿ ಎದ್ದಳು. ರೂಪ್ಲಪ್ಪ ಏನೋ ಅನ್ನಾಕ ಹೋದ. ಆಕಿ ತಮ್ಮ ತಾಂಡಾದ ಮಾತಿನಾಗ ಗಂಡಗ ಏನೋ ಅಂದಳು, ಅಂವ ಮತ್ತ ಜೋಳಕ್ಕ ಕೈ ಹಾಕಿದ. ಚಾವಿ ತಗದು ನನ್ನ ಉಡಿಯೊಳಗ ಹಾಕಿದಳು, ಮ್ಯಾಲೊಂದ ಹಿಡಿ ಅಕ್ಕಿ.

"ನನ್ನ ಮಗನ್ನ ಕಾಯ್ದದ್ದು ನಿನ್ನ ಗಂಡನ್ನೂ ಕಾಯ್ಲಿ, ತಂಗಿ. ರೊಕ್ಕಾ ಗಿಕ್ಕಾ ಬ್ಯಾಡ." ಆಮ್ಯಾಲ ಉಳವಪ್ಪನ ಕಡೆ ತಿರುಗಿದಳು. "ಆದ್ರ ಕತ್ತಲಾದ ಮ್ಯಾಲ ಗಾಡಿ ಹೊಡೀಬ್ಯಾಡಪ್ಪಾ. ನನ್ನ ಮಗಾ ಗುದ್ದಿದ್ದು ರಾತ್ರೀನ."

"ಇಲ್ರೀ ಅಕ್ಕಾ," ಅಂತ ಅಂವ ಕೈ ಮುಗದ. ಅಷ್ಟೊತ್ತಿನಾಗ ಅಂವ ಆಡಿದ್ದು ಅದೊಂದ ಮಾತು.

ಅಂಬೇವಾಡಿಗೆ ಬಂದ ಮ್ಯಾಲ ಅಮೀರಸಾಬ ಎರಡೂ ಚಾವಿ ಜೋಡಿಸಿ ಕಟ್ಟಿದ. ನಮ್ಮದು ಕೀಲಿ ತಿರುವೂದಕ್ಕ, ಅತ್ತಿವೇರೀದು ಡಬ್ಬಿಗೆ ಗುರ್ತ ಹೇಳೂದಕ್ಕ. ಉಳವಪ್ಪ ಕುಂತು ತಿರುವಿದ. ಇಂಜಿನ್ ಹಿಡೀತು, ಈ ಸಲ ಆರಲಿಲ್ಲ. ಲಾರಿ ಮಾಲಕರಿಗೆ ಫೋನ್ ನಾನ ಹಚ್ಚಿದೆ. ಏನಂದೆ ಅಂತ ಕೇಳಬ್ಯಾಡ್ರಿ.

ಚಾವಿಯೊಳಗ ದೈವ ಐತಂದ್ರ ಮಾಸ್ತರ್ರು ನಗತಾರ. ನಗ್ಲಿ. ರಾತ್ರಿ ಗೋವಾ ಬಾಡಿಗಿ ಬಂದ್ರ ಉಳವಪ್ಪ ಒಲ್ಲೆ ಅಂತಾನ, ಅತ್ತಿವೇರಿ ಅಕ್ಕಗ ಮಾತ ಕೊಟ್ಟಾನಂತ. ಲಾರಿ ಬಿಡಿಸಾಕ ನಾ ಎಷ್ಟೋ ಬೈಬೇಕಾತು, ರಾತ್ರಿ ಗಾಡಿ ಆಕಿಯ ಒಂದ ಮಾತಿಗೆ ಬಂದಾತು. ಹೊಟ್ಟಿಕಿಚ್ಚಿಲ್ಲ, ಆಕಿ ಹೊಟ್ಟಿ ತಣ್ಣಗಿರಲಿ.

ಈಗ ಕತ್ತಲಾಗೂದ್ರಾಗ ಬರ್ತಾನ. ನಾ ರೊಟ್ಟಿ ಬಡೀತಿದ್ರ ಒಲಿ ಮುಂದ ಬಂದು ಕುಂಡ್ರತಾನ. "ಅಂಜಿಕಿ ಹೋತೇನು?" ಅಂತ ಕೇಳ್ತಾನ.

"ಇನ್ನೂ ಸ್ವಲ್ಪ ಐತಿ, ನಾಳೆನೂ ಲಗೂ ಬಾ," ಅಂತೇನಿ.