ನಂಟಸ್ತಿಕೆ ಬಲ್ಲ ಕಳ್ಳ

ಕಳೆದ ಕಾರ್ತಿಕದ ಒಂದು ಬುಧವಾರ, ಬೆಳಿಗ್ಗೆ ಹತ್ತೂವರೆಗೆ, ನಾನು ಹೊನ್ನಾವರದ ನಮ್ಮ ಮನೆಯ ಅಂಗಳದಲ್ಲಿ, ಪಕ್ಕದ ಮನೆಗೂ ನಮಗೂ ನಡುವಿನ ಎದೆಯೆತ್ತರದ ಗೋಡೆಗೆ ಮೊಣಕೈ ಊರಿ ನಿಂತಿದ್ದೆ. ಎಡಗೈಯಲ್ಲಿ ಫೋನಿತ್ತು. ಕನ್ನಡಕ ಮೂಗಿನ ಮೇಲಿತ್ತು. ಆದ್ದರಿಂದ ಸರಿಯಾಗಿ ಕಾಣಲಿಲ್ಲ ಎನ್ನುವ ಹಾಗಿಲ್ಲ. ಕುಮಟೆಯ ಕೋರ್ಟಿನಲ್ಲಿ ಸಾಕ್ಷಿಗಳ ಹೇಳಿಕೆ ಬರೆದುಕೊಂಡೇ ನಿವೃತ್ತನಾದವನು ನಾನು. ಎಲ್ಲಿ ನಿಂತಿದ್ದಿರಿ ಎಂದು ಕೇಳಿದಾಗ ಜನ ತಡವರಿಸಿದರೆ ಒಳಗೊಳಗೇ ನಗುತ್ತಿದ್ದೆ. ಈಗ ಗೊತ್ತಾಗಿದೆ: ನಿಂತ ಜಾಗ ನೆನಪಿರುತ್ತದೆ, ಆಗ ಬುದ್ಧಿ ಎಲ್ಲಿತ್ತು ಎಂಬುದೇ ತಿಳಿಯುವುದಿಲ್ಲ.

ಅಪರಿಚಿತರನ್ನು ಒರೆಗೆ ಹಚ್ಚುವ ಕ್ರಮವೊಂದು ನಮ್ಮ ಕಡೆ ಇದೆ. ಗುರುತಿನ ಚೀಟಿಯನ್ನು ಯಾರೂ ಕೇಳುವುದಿಲ್ಲ. "ಯಾವೂರಾತು? ಯಾರ ಮನೆ ಪೈಕಿ?" ಎಂದು ಶುರುಮಾಡುತ್ತೇವೆ. ಬಂದವನು "ಅಪ್ಸರಕೊಂಡದ ಹತ್ತಿರ, ನಿಮ್ಮ ಭಾವನ ಮನೆ ಎದುರಿಗೆ" ಎಂದರೆ ತೀರಿತು, ಚಹಾ ಬರುತ್ತದೆ. ಭಟ್ಕಳದ ನವಾಯತರ ಮನೆಗಳಲ್ಲೂ ಕುಮಟೆಯ ಕೊಂಕಣಿಗರಲ್ಲೂ ಪರೀಕ್ಷೆ ಇದೇ, ಭಾಷೆ ಮಾತ್ರ ಬೇರೆ. ಈ ಪರೀಕ್ಷೆಯ ಉತ್ತರಗಳೆಲ್ಲ ಒಂದು ದಿನ ಕಳವಾಗಬಹುದೆಂದು ಹಿರಿಯರಿಗೆ ಹೊಳೆದಿರಲಿಲ್ಲ. ನನಗೂ ಹೊಳೆಯಲಿಲ್ಲ.

ಪಕ್ಕದ ಮನೆಯ ಪಾರ್ವತಿ ಮೀನು ಮಾರುವವಳು. ಗಂಡನ ದೋಣಿಗೆ ಹೊಸ ಇಂಜಿನ್ ಕೂರಿಸಬೇಕೆಂದು ಪೇಟೆಯ ಒಂದು ಪತ್ತಿನ ಸಂಘದಲ್ಲಿ ದುಡ್ಡು ಕೂಡಿಡುತ್ತಿದ್ದಳು. ಖಾತೆ ತೆರೆಯುವ ವಾರವೇ ಅವಳ ಫೋನು ಮಂಜುಗಡ್ಡೆಯ ಪೆಟ್ಟಿಗೆಯೊಳಗೆ ಬಿದ್ದಿತ್ತು. ಹಾಗಾಗಿ ಅಲ್ಲಿ ಕೊಟ್ಟದ್ದು ನನ್ನ ನಂಬರು. ಸದಾ ಮನೆಯಲ್ಲಿರುವವನೆಂದು ನಮ್ಮ ಕೇರಿಯಲ್ಲಿ ನನಗಿರುವ ಮರ್ಯಾದೆ ಅದು.

ಆ ದಿನ ಕರೆ ಮಾಡಿದವನು ಸಂಘದಿಂದ ಎಂದ. ಪಾರ್ವತಿಯ ಖಾತೆ ಸಂಖ್ಯೆ ಹೇಳಿದ. ಅವಳ ಮಾವನ ಹೆಸರು, ನಾಮಿನಿಯಾಗಿರುವ ತಂಗಿ ಭಟ್ಕಳದ ಜಾಲಿಯಲ್ಲಿರುವುದು, ಬಂಗಾರದ ಸಾಲ ತೀರಿದ್ದು, ಎಲ್ಲ ಹೇಳಿದ. ಖಾತೆ ನವೀಕರಣಕ್ಕೆ ನಿಮ್ಮ ಫೋನಿಗೆ ಬಂದ ಓಟಿಪಿ ಬೇಕು ಎಂದ. ನಾನು ಅದನ್ನೆಲ್ಲ ಗೋಡೆಯಾಚೆ ಕೂಗಿ ಹೇಳಿ, ಓಟಿಪಿ ಕೊಡಲೇ ಎಂದು ಕೇಳಿದೆ.

"ಅಷ್ಟೆಲ್ಲ ಗೊತ್ತಿದ್ದವ್ರು ನಮ್ಮವ್ರೇ ಅಲ್ದಾ? ಹೇಳ್ರಾ ಹೆಗಡೇರೆ," ಎಂದಳು ಪಾರ್ವತಿ, ಬಂಗಡೆ ತೊಳೆಯುತ್ತಲೇ.

ಹೇಳಿದೆ. ಕಿವಿ ಕೇಳದವನಿಗೆ ಹೇಳುವಂತೆ, ಒಂದೊಂದೇ ಅಂಕಿ, ಸ್ಪಷ್ಟವಾಗಿ. ಹಣ ಹೋದ ಸಂದೇಶವೂ ನನ್ನ ಫೋನಿಗೇ ಬಂತು.

ಪಾರ್ವತಿ ಅಲ್ಲೇ ಕುಕ್ಕರಿಸಿದಳು. "ಇಂಜಿನ್ ಹೋತು," ಎಂದಳು, ಅಷ್ಟೆ. ಎದುರು ಮನೆಯ ಜುಬೇದಾಬಿ ಗೇಟಿನಲ್ಲಿ ನಿಂತು ಎಲ್ಲ ನೋಡುತ್ತಿದ್ದವಳು ರಸ್ತೆ ದಾಟಿ ಬಂದಳು. ದುಬೈಯಲ್ಲಿರುವ ಮಗನಿಗೆ ಹಿಂದೆ ಹೀಗೇ ಆಗಿತ್ತಂತೆ. "ಅಳೂದು ಆಮೇಲೆ ಮಾಡುವಾ. ಮೊದ್ಲು ಖಾತೆ ಬಂದ್ ಮಾಡ್ಸಿ!" ಎಂದು ಗದರಿದಳು.

ಗದರಿದ್ದು ಒಳ್ಳೆಯದಾಯಿತು. ಅಲ್ಲೇ ನಿಂತು ಸೈಬರ್ ಅಪರಾಧದ ಸಹಾಯವಾಣಿಗೆ ದೂರು ಕೊಟ್ಟೆವು, ಸಂಘಕ್ಕೆ ಓಡಿ ಖಾತೆ ಬಂದ್ ಮಾಡಿಸಿದೆವು. ಹೋದ ಹಣದಲ್ಲಿ ಅರ್ಧದಷ್ಟು ಯಾವುದೋ ಊರಿನ ಖಾತೆಯಲ್ಲಿ ಇನ್ನೂ ಮಲಗಿತ್ತು. ಅದನ್ನು ಅಲ್ಲೇ ತಡೆಹಿಡಿದರು. ಮರಳಿ ಬರಲು ಕೋರ್ಟಿನ ಆದೇಶ ಬೇಕು, ತಾಳ್ಮೆಯೂ ಬೇಕು. ಪಾರ್ವತಿಯ ಆಧಾರ್ ಕಾರ್ಡಿನ ಬೆರಳಚ್ಚಿಗೆ ಅದೇ ದಿನ ಬೀಗ ಹಾಕಿಸಿದೆವು. ಸೋರಿದ ಮಾಹಿತಿ, ಬಿಟ್ಟ ಬಾಣದಂತೆ, ಹಿಂದಕ್ಕೆ ಬರುವುದಿಲ್ಲ, ಬಾಗಿಲುಗಳನ್ನಷ್ಟೇ ಬದಲಿಸಿಕೊಳ್ಳಬಹುದು.

ಸಂಘದ ಕಾರ್ಯದರ್ಶಿಗಳು ತಮ್ಮ ಕಂಪ್ಯೂಟರಿನಿಂದ ಮಾಹಿತಿ ಸೋರಿದ್ದನ್ನು ಒಪ್ಪಿಕೊಂಡರು. ಅದು ಅವರಿಗೆ ಮೊದಲೇ ಗೊತ್ತಿತ್ತು. ಜನ ಗಾಬರಿಯಾಗುತ್ತಾರೆಂದು ಹೇಳಿರಲಿಲ್ಲವಂತೆ. "ಆದ್ರೆ ಓಟಿಪಿ ಕೊಟ್ಟದ್ದು ನೀವೇ ಅಲ್ವಾ?" ಎಂದರು.

ಉಳಿದರ್ಧಕ್ಕಾಗಿ ಸಹಕಾರ ಇಲಾಖೆಗೂ ಕಾರವಾರದ ಗ್ರಾಹಕ ಆಯೋಗಕ್ಕೂ ದೂರು ಬರೆಯಲು ಕುಳಿತಾಗ ಆ ಪ್ರಶ್ನೆ ಎದುರಿಗೇ ಕೂತಿತ್ತು. ಗೆಳೆಯರಾದ ವಕೀಲರೊಬ್ಬರು ಎಚ್ಚರಿಸಿದರು: "ಓಟಿಪಿ ಹೇಳಿದ್ದು ಬರೆದರೆ ದಾವೆ ಸಪ್ಪೆಯಾಗ್ತದೆ. ಬರೆಯದಿದ್ದರೆ ಅವರೇ ಅದನ್ನು ಎತ್ತಿ ನಿಮ್ಮನ್ನು ಸುಳ್ಳುಗಾರ ಮಾಡ್ತಾರೆ."

ಪಾರ್ವತಿಯನ್ನು ಕೇಳಿದೆ. ದುಡ್ಡು ಅವಳದು.

"ಹೇಳು ಅಂದವ್ಳು ನಾನೇ ಅಲ್ದಾ? ಅದ್ನೂ ಬರೀರಿ," ಎಂದಳು. "ಮತ್ತೆ ಆ ಸಂಘದವ್ರು ಮೊದ್ಲೇ ಒಂದು ಮಾತು ಹೇಳಿದ್ರೆ ನೀವು ಬಾಯಿ ಬಿಡ್ತಿದ್ರಾ? ಅದ್ನೂ ಬರೀರಿ."

ಇಡೀ ದಾವೆ ಅಷ್ಟೇ ಎಂದು ಆಗ ಅರ್ಥವಾಯಿತು. ನಂಬಿದ್ದು ನಮ್ಮ ತಪ್ಪಿರಬಹುದು. ಆ ನಂಬಿಕೆಯ ಕೀಲಿಕೈಯನ್ನು ಕಳ್ಳನ ಕೈಗೆ ಸಿಗಗೊಟ್ಟವರು ಬೇರೆ. ಎರಡನ್ನೂ ಬರೆದೆ.

ನಾನು ಅಂಕಿಗಳನ್ನು ಹೇಳಿದ್ದನ್ನು ಗೋಡೆಯಾಚೆಯಿಂದ ಕೇಳಿದವಳು ಪಾರ್ವತಿ ಹರಿಕಂತ್ರ. ಗೇಟಿನಲ್ಲಿ ನಿಂತು ನೋಡಿದವಳು ಜುಬೇದಾಬಿ. ಇಬ್ಬರೂ ಇದ್ದಾರೆ, ಗಟ್ಟಿಯಾಗಿದ್ದಾರೆ. ಕರೆದರೆ ಸಾಕ್ಷಿ ಹೇಳಲು ಕಾರವಾರಕ್ಕೂ ಬರುತ್ತಾರೆ. ಮತ್ತು, ದಾಖಲೆಗೆ ಸೇರದ ಮಾತು: ಇಬ್ಬರೂ ನನ್ನೊಡನೆ ಇನ್ನೂ ಮಾತಾಡುತ್ತಾರೆ.